ಗದ್ದೆ ಆಮೆ, ಕಟ್ಟೆ ಆಮೆ, ಅಂಗಡಿ ಆಮೆ: ಮೂರೂ ಒಂದೇ ಜಾತಿನಾ?

ನಾಲೆಬಯಲು, ಪಾಂಡವಪುರ

ನಮ್ಮ ಗದ್ದೆ ವಿ.ಸಿ. ನಾಲೆ ಬಯಲಿನಲ್ಲಿದೆ. ಹೋದ ವಾರ ನಾಟಿಗೆ ಕೆಸರು ಹೊಡೆಸುತ್ತಿದ್ದಾಗ ಟ್ರ್ಯಾಕ್ಟರ್ ಚಕ್ರದ ಪಕ್ಕದಲ್ಲೇ ಒಂದು ಆಮೆ ಎದ್ದಿತು. ಸದ್ಯ, ಬ್ಲೇಡಿಗೆ ಸಿಗಲಿಲ್ಲ. ಊಟದ ತಟ್ಟೆಯಷ್ಟು ಅಗಲ. ಬೆನ್ನು ನುಣ್ಣಗೆ, ಕೆಸರಿನದೇ ಬಣ್ಣ. ಮೂಗು ಸಣ್ಣ ಕೊಳವೆ ತರ. ತಿರುಗಿಸಿ ನೋಡಿದರೆ ಹೊಟ್ಟೆ ಬಿಳುಪು. ಒಂದೆರಡು ಫೋಟೋ ತೆಗೆದು, ತೂಬಿನ ಹತ್ತಿರ ಬಿಟ್ಟು ಬಂದೆ.

ಊರ ಕಟ್ಟೆಯಲ್ಲಿ ಇನ್ನೊಂದು ತರದ್ದಿದೆ. ಕಪ್ಪಗೆ, ಗಟ್ಟಿ ಚಿಪ್ಪು, ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ. ಹತ್ತಿರ ಹೋದರೆ ಬುಳುಕ್ ಅಂತ ನೀರಿಗೆ. ಕರಿಯದು ಗಂಡು, ಗದ್ದೆಯದು ಹೆಣ್ಣು ಅಂತ ಅಪ್ಪ ಹೇಳುತ್ತಾರೆ. ನಿಜಾನಾ?

ಮೂರನೆಯದು ಮೈಸೂರಿನಲ್ಲಿರುವ ಅಕ್ಕನ ಮಗನದು. "ಇದು ಇಷ್ಟೇ ಇರುತ್ತೆ, ಬೆಳೆಯಲ್ಲ" ಅಂತ ಹೇಳಿ ಅಂಗಡಿಯವನು ಬೆಂಕಿಪೊಟ್ಟಣದಷ್ಟು ಇದ್ದದ್ದನ್ನು ಕೊಟ್ಟನಂತೆ. ಎರಡೇ ವರ್ಷಕ್ಕೆ ಅಂಗೈ ಮೀರಿದೆ. ಹಸಿರು ಮೈ, ಕಣ್ಣಿನ ಹಿಂದೆ ಕೆಂಪು ಪಟ್ಟೆ. ನೀರು ಬದಲಿಸಿ ಬದಲಿಸಿ ಅಕ್ಕ ರೋಸಿಹೋಗಿದ್ದಾಳೆ. ಭಾನುವಾರ ಕುಕ್ಕರಹಳ್ಳಿ ಕೆರೆಗೆ ಬಿಡುತ್ತಾಳಂತೆ. ಬಿಡಬಹುದಾ?

ಮದ್ದೂರುವಡೆ

ಗಂಡು ಹೆಣ್ಣಿನ ಕತೆ ನಮ್ಮೂರಲ್ಲೂ ಇದೆ. ಆದರೆ ನಮ್ಮಲ್ಲಿ ಕರಿಯದೇ ಹೆಣ್ಣು! ಗೊತ್ತಿರುವವರು ಹೇಳಲಿ, ಇಲ್ಲೇ ಕೂತಿರುತ್ತೇನೆ.

ಸೀಮೆಸುಣ್ಣ, ಸರಸ್ವತಿಪುರಂ

ಮೊದಲು ಭಾನುವಾರದ ವಿಷಯ. ಬಿಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಇದೇ ಪ್ರಶ್ನೆ ಕೇಳುತ್ತಿದ್ದ. ತಪ್ಪು ನಿಮ್ಮ ಅಪ್ಪನವರದಲ್ಲ, ಎಲ್ಲಕ್ಕೂ ಆಮೆ ಅಂತ ಒಂದೇ ಹೆಸರಿಟ್ಟಿರುವ ನಮ್ಮದು. ನಿಮ್ಮ ಗದ್ದೆ ಆಮೆಗೂ ಕಟ್ಟೆ ಆಮೆಗೂ ಇರುವ ನಂಟು ಬೆಕ್ಕು ನಾಯಿಗಳ ನಂಟಿಗಿಂತ ದೂರದ್ದು. ಗಂಡ ಹೆಂಡತಿ ಆಗುವ ಮಾತೇ ಇಲ್ಲ.

ಗದ್ದೆಯದು ಲಿಸ್ಸೆಮಿಸ್ ಪಂಕ್ಟೇಟ. ಮೆದುಚಿಪ್ಪಿನ ಆಮೆಗಳ ಕುಟುಂಬ, ಟ್ರಯೋನಿಕಿಡೆ. ಆ ಹೆಸರಿಗೆ ಮೂರು ಉಗುರಿನದು ಅಂತ ಅರ್ಥ. ಫೋಟೋ ಇದ್ದರೆ ಉಗುರು ಎಣಿಸಿ. ಚಿಪ್ಪಿನ ಮೇಲೆ ಕರಿ ಆಮೆಗಿರುವ ಹಾಗೆ ಬಿಲ್ಲೆಗಳಿರುವುದಿಲ್ಲ. ಮೂಳೆಯ ಮೇಲೆ ಚರ್ಮ ಹೊದ್ದಿರುತ್ತದೆ, ಅದಕ್ಕೇ ನುಣುಪು. ಹೊಟ್ಟೆಯ ಕಡೆ, ಹಿಂಗಾಲಿನ ಹತ್ತಿರ, ಎರಡು ಮುಚ್ಚಳ ಇರುತ್ತವೆ. ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡ ಹಾಗೆ ಮುಚ್ಚಿಕೊಳ್ಳುತ್ತದೆ. ನಾಲೆ ನಿಂತು ನೀರು ಒಣಗಿದರೆ ಕೆಸರಿನೊಳಗೆ ಹೂತುಕೊಂಡು ಮುಂದಿನ ನೀರಿಗೆ ಕಾಯುತ್ತದೆ. ನಿಮ್ಮ ಟ್ರ್ಯಾಕ್ಟರ್ ಅದರ ಮನೆಯ ಮೇಲೇ ಹೋಗಿರಬೇಕು. ಪಾಕಿಸ್ತಾನದ ಸಿಂಧೂ ಬಯಲಿನಿಂದ ನೇಪಾಳ, ಬಾಂಗ್ಲಾದೇಶದವರೆಗೆ ಇದು ಇದೆ. ಒಂದು ತಮಾಷೆ ಕೇಳಿ. ಪಂಕ್ಟೇಟ ಅಂದರೆ ಚುಕ್ಕೆಯದು. ಉತ್ತರದವಕ್ಕೆ ಮೈತುಂಬ ಹಳದಿ ಚುಕ್ಕೆ. ನಮ್ಮ ದಕ್ಷಿಣದ ದೊಡ್ಡ ಆಮೆಗಳ ಬೆನ್ನ ಮೇಲೆ ಒಂದೂ ಇಲ್ಲ!

ಕಟ್ಟೆಯದು ಮೆಲನೋಕೆಲಿಸ್ ಟ್ರೈಜುಗ. ಮೆಲನೋಕೆಲಿಸ್ ಅಂದರೆ ಕರಿ ಆಮೆ, ಟ್ರೈಜುಗ ಅಂದರೆ ನೀವು ಹೇಳಿದ ಆ ಮೂರು ಏಣು. ಕುಟುಂಬ ಜಿಯೋಎಮಿಡಿಡೆ. ಇದಕ್ಕೆ ಹತ್ತಿರದ ನೆಂಟರು ಯಾರು ಗೊತ್ತಾ? ಒಣ ಕುರುಚಲು ಕಾಡಿನಲ್ಲಿ ಓಡಾಡುವ ನಕ್ಷತ್ರ ಆಮೆಯ ಕುಟುಂಬದವರು. ಅವು ನೆಲದವು, ಇದು ನೀರಿನದು. ಆದರೂ ಒಂದೇ ಕಟ್ಟೆಯ ನೀರು ಕುಡಿಯುವ ಗದ್ದೆ ಆಮೆಗಿಂತ ಅವೇ ಹತ್ತಿರ. ಎಲ್ಲಿ ವಾಸ ಅಂತ ನೋಡಿ ಜಾತಿ ಹೇಳಲು ಹೋದರೆ ಇಲ್ಲೇ ಎಡವುವುದು. ಬರೀ ಕೈಯಲ್ಲಿ ಎತ್ತಬೇಡಿ, ಹೆದರಿದರೆ ಕೆಟ್ಟ ವಾಸನೆ ಬಿಡುತ್ತದೆ. ಒಮ್ಮೆ ನನ್ನ ಅಂಗಿಗೆ ಹತ್ತಿದ್ದು ಎರಡು ಒಗೆತಕ್ಕೂ ಹೋಗಲಿಲ್ಲ.

ಅಂಗಡಿಯದು ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪಿ ನದಿ ಸೀಮೆಯದು. ಕುಟುಂಬ ಎಮಿಡಿಡೆ. ಈ ಕುಟುಂಬದಲ್ಲಿ ಹೆಚ್ಚಿನವು ಅಮೆರಿಕ ಖಂಡಗಳಲ್ಲೇ ಇವೆ. ಯುರೋಪು ಮತ್ತು ಅದರ ಸುತ್ತಮುತ್ತ ಒಂದೆರಡು. ಭಾರತದಲ್ಲಿ ಹುಟ್ಟಿದ್ದು ಒಂದೂ ಇಲ್ಲ. ಹೆಣ್ಣು ಒಂದು ಅಡಿಯ ಹತ್ತಿರ ಬೆಳೆಯುತ್ತದೆ, ಮೂವತ್ತು ವರ್ಷ ಬದುಕಬಲ್ಲದು. ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಊಟಕ್ಕೂ ಬಿಸಿಲು ಕಾಯುವ ಕಲ್ಲಿಗೂ ಪೈಪೋಟಿ. ಯುರೋಪಿನ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು. ಅಮೆರಿಕದಲ್ಲೇ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವ ಹಾಗಿಲ್ಲ, ಮಕ್ಕಳಿಗೆ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಹರಡುತ್ತಿತ್ತು ಅಂತ. ಅಕ್ಕನ ಮಗನಿಗೆ ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲು ಹೇಳಿ.

ಕಪಿಲೆದಂಡೆ, ನಂಜನಗೂಡು

ಸರ್, ನಮ್ಮ ಅತ್ತೆಮನೆ ತ್ರಿಶೂರು. ಅಲ್ಲಿ ಹಿತ್ತಲ ಕೊಳದಲ್ಲಿ ಇದೇ ಕರಿ ಆಮೆ ಇದೆ. ಆದರೆ ತಲೆ ಹಳದಿ, ನೆತ್ತಿಯಲ್ಲಿ ಕಪ್ಪು ಮಚ್ಚೆ. ಅದು ಬೇರೆನಾ?

ಸೀಮೆಸುಣ್ಣ, ಸರಸ್ವತಿಪುರಂ

ಪ್ರಭೇದ ಒಂದೇ, ಉಪಪ್ರಭೇದ ಬೇರೆ. ಕೊರೊನಾಟ ಅಂತ, ಕೇರಳದ ಕಡೆಯದು. ಈ ಕರಿ ಆಮೆ ನೇಪಾಳ, ಬರ್ಮಾ, ಶ್ರೀಲಂಕಾದಲ್ಲೂ ಇದೆ. ಒಂದೊಂದು ಕಡೆ ತಲೆಯ ಬಣ್ಣ ಒಂದೊಂದು. ನಮ್ಮದು ಮಾತ್ರ ಮಸುಕು. ಪಾಪ, ಫೋಟೋದಲ್ಲಿ ಚೆನ್ನಾಗಿ ಬರಲ್ಲ.

ನಾಲೆಬಯಲು, ಪಾಂಡವಪುರ

ಫೋಟೋ ದೊಡ್ಡದು ಮಾಡಿ ಎಣಿಸಿದೆ. ಮೂರೇ ಉಗುರು! ಅಪ್ಪನಿಗೂ ತೋರಿಸಿದೆ. "ಹೆಣ್ಣಿಗೆ ಮೂರೇ ಇರೋದು" ಅಂದುಬಿಟ್ಟರು. ಇನ್ನು ನನ್ನ ಕೈಲಿ ಆಗಲ್ಲ.

ಅಕ್ಕ ಭಾನುವಾರದ ಪ್ಲಾನ್ ಬಿಟ್ಟಿದ್ದಾಳೆ. ಬದಲಿಗೆ ಆಮೆಯನ್ನು ನಮ್ಮ ಮನೆಗೇ ಕಳಿಸುತ್ತಾಳಂತೆ. ಹಿತ್ತಲಲ್ಲಿ ಹಳೇ ಕಲಗಚ್ಚಿನ ಬಾನಿ ಇದೆ, ಕಲ್ಲಿನದು. ನಡೆಯುತ್ತಾ? ಗದ್ದೆ ಆಮೆ ಮತ್ತೆ ಸಿಕ್ಕಿದರೆ ಜೊತೆಗೆ ಬಿಡಬಹುದಾ?

ಸೀಮೆಸುಣ್ಣ, ಸರಸ್ವತಿಪುರಂ

ಗದ್ದೆಯದನ್ನು ಮನೆಗೆ ತರಲೇಬೇಡಿ. 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿದೆ, ಸಾಕಿದರೆ ಕೇಸು. ಬಾನಿ ಸದ್ಯಕ್ಕೆ ನಡೆಯುತ್ತದೆ. ಅರ್ಧ ಬಿಸಿಲು, ಅರ್ಧ ನೆರಳು ಬೀಳುವ ಕಡೆ ಇಡಿ. ಹತ್ತಿ ಕೂರಲು ಒಂದು ಚಪ್ಪಡಿ ಹಾಕಿ. ಮೇಲೆ ಜಾಲರಿ ಮರೆಯಬೇಡಿ, ಚೆನ್ನಾಗಿ ಹತ್ತುತ್ತದೆ. ನಿಮ್ಮ ನಾಲೆ ಎಷ್ಟು ದೂರ ಅಂದಿರಿ?