ಒಂದೂ ಸೋಲದ ತಂಡ ಐದನೆಯ ಸ್ಥಾನದಲ್ಲಿ: ಕಾಲೇಜು ಫುಟ್‌ಬಾಲ್ ರ‍್ಯಾಂಕಿಂಗ್‌ನಲ್ಲಿ ಎದುರಾಳಿಗಳ ತೂಕವೆಷ್ಟು?

ತೆಂಕಣಗಾಳಿ (ಪ್ರಶ್ನೆ)

ನಮಸ್ಕಾರ. ಅಮೆರಿಕದ ಕಾಲೇಜು ಫುಟ್‌ಬಾಲನ್ನು ಕೆಲವು ವರ್ಷಗಳಿಂದ ನೋಡುತ್ತಿರುವ ನನಗೆ 2023ರ ಒಂದು ತೀರ್ಮಾನ ಇಂದಿಗೂ ಒಪ್ಪಿಗೆಯಾಗಿಲ್ಲ. ಫ್ಲಾರಿಡಾ ಸ್ಟೇಟ್ ತಂಡ ಆಡಿದ 13 ಪಂದ್ಯಗಳನ್ನೂ ಗೆದ್ದು ತನ್ನ ಕಾನ್ಫರೆನ್ಸ್ (ತಮ್ಮೊಳಗೆ ಆಡುವ ತಂಡಗಳ ಗುಂಪು) ಆದ ಎಸಿಸಿಯ ಚಾಂಪಿಯನ್ ಆಗಿತ್ತು. ಆದರೂ ಒಂದೊಂದು ಪಂದ್ಯ ಸೋತಿದ್ದ ಟೆಕ್ಸಸ್ ಮತ್ತು ಅಲಬಾಮಾ ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ನಾಲ್ಕು ತಂಡಗಳ ಪ್ಲೇಆಫ್‌ಗೆ ಆಯ್ಕೆಯಾದವು, ಫ್ಲಾರಿಡಾ ಸ್ಟೇಟ್ ಐದನೆಯ ಸ್ಥಾನದಲ್ಲಿ ಹೊರಗುಳಿಯಿತು. ಅದರ ವೇಳಾಪಟ್ಟಿ ಸುಲಭವಾಗಿತ್ತು ಎಂದು ಹಲವರು ಹೇಳುತ್ತಾರೆ. ಈ ಸುಲಭ, ಕಠಿಣಗಳನ್ನು ಅಳೆಯುವುದು ಹೇಗೆ?

ಅಂಕೆಸಂಖ್ಯೆ

ಅಳೆಯದೆ ವಿಧಿಯಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಅಗ್ರಶ್ರೇಣಿಯಲ್ಲಿ 130ಕ್ಕೂ ಹೆಚ್ಚು ತಂಡಗಳಿದ್ದು, ಪ್ರತಿಯೊಂದಕ್ಕೂ ಋತುವಿನಲ್ಲಿ ಸಾಮಾನ್ಯವಾಗಿ 12 ನಿಯಮಿತ ಪಂದ್ಯಗಳಷ್ಟೇ ಸಿಗುವುದರಿಂದ, ಬಹುಪಾಲು ತಂಡಗಳು ಒಂದನ್ನೊಂದು ಎದುರಿಸುವುದೇ ಇಲ್ಲ. ಪ್ಲೇಆಫ್‌ಗೂ ಮುಂಚೆ ಫೈನಲ್ ಆಡುವ ತಂಡಗಳನ್ನು ಆರಿಸಲು 1998ರಲ್ಲಿ ಆರಂಭವಾದ ಬಿಸಿಎಸ್ ವ್ಯವಸ್ಥೆ ತನ್ನ ಮೊದಲ ವರ್ಷಗಳಲ್ಲಿ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಮೂರನೇ ಎರಡು ಪಾಲು, ಆ ಎದುರಾಳಿಗಳ ಎದುರಾಳಿಗಳ ಗೆಲುವಿಗೆ ಮೂರನೇ ಒಂದು ಪಾಲು ತೂಕ ಕೊಟ್ಟು ವೇಳಾಪಟ್ಟಿಯನ್ನು ಅಳೆಯುತ್ತಿತ್ತು.

ಆದರೆ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ. ಒಂದು ತಂಡ ಆರು ಗೆದ್ದು ಆರು ಸೋತ ಇಬ್ಬರು ಎದುರಾಳಿಗಳನ್ನು ಎದುರಿಸಿತು, ಇನ್ನೊಂದು ತಂಡ ಹನ್ನೆರಡನ್ನೂ ಗೆದ್ದ ಒಬ್ಬರನ್ನೂ ಹನ್ನೆರಡನ್ನೂ ಸೋತ ಒಬ್ಬರನ್ನೂ ಎದುರಿಸಿತು ಎಂದುಕೊಳ್ಳಿ. ಎರಡರ ಸರಾಸರಿಯೂ ಒಂದೇ. ಪ್ರಶಸ್ತಿಗೆ ಸ್ಪರ್ಧಿಸುವಷ್ಟು ಬಲವುಳ್ಳ ತಂಡಕ್ಕೆ ಮೊದಲನೆಯ ಜೋಡಿ ಬಹುತೇಕ ಎರಡು ಖಚಿತ ಗೆಲುವುಗಳಾದರೆ, ಎರಡನೆಯದರಲ್ಲಿ ಸೋಲಿನ ಅಪಾಯ ನಿಜವಾಗಿಯೂ ಇದೆ. ಆದ್ದರಿಂದಲೇ, ಅಗ್ರ 25ರ ಮಟ್ಟದ ಒಂದು ಸಾಧಾರಣ ತಂಡ ಇದೇ ಪಂದ್ಯಗಳನ್ನು ಆಡಿದ್ದರೆ ಇಷ್ಟು ಗೆಲುವುಗಳನ್ನು ಗಳಿಸುವ ಸಾಧ್ಯತೆ ಎಷ್ಟಿತ್ತು ಎಂದು ಕೇಳುವ ಅಳತೆ ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಅದು ವೇಳಾಪಟ್ಟಿಯನ್ನೂ ಫಲಿತಾಂಶವನ್ನೂ ಬೇರ್ಪಡಿಸದೆ ನೋಡುತ್ತದೆ.

ಮೈದಾನದಂಚು

ತೆಂಕಣಗಾಳಿಯವರೇ, ಫ್ಲಾರಿಡಾ ಸ್ಟೇಟ್ ಹೊರಗುಳಿಯಲು ಅದರ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುವ ಆಟಗಾರ) ಜೋರ್ಡನ್ ಟ್ರಾವಿಸ್ ಗಾಯಗೊಂಡದ್ದೂ ದೊಡ್ಡ ಕಾರಣ. ವೇಳಾಪಟ್ಟಿಯ ಹೊಡೆತವನ್ನು ಪೂರ್ತಿಯಾಗಿ ತಿಂದದ್ದು 2017ರ ಸೆಂಟ್ರಲ್ ಫ್ಲಾರಿಡಾ. ಒಂದೂ ಸೋಲದ ಆ ತಂಡಕ್ಕೆ ಪ್ಲೇಆಫ್ ಆಯ್ಕೆ ಸಮಿತಿ ಕೊಟ್ಟದ್ದು 12ನೇ ಸ್ಥಾನ. ಬಳಿಕ ಋತುವಿನ ಕೊನೆಯಲ್ಲಿ ನಡೆಯುವ ಪೀಚ್ ಬೌಲ್ ಪಂದ್ಯದಲ್ಲಿ ಅದು ಆಬರ್ನ್ ತಂಡವನ್ನು 34-27ರಿಂದ ಸೋಲಿಸಿತು. ಅದೇ ಋತುವಿನಲ್ಲಿ ರಾಷ್ಟ್ರೀಯ ಫೈನಲ್ ಆಡಿದ ಅಲಬಾಮಾ ಮತ್ತು ಜಾರ್ಜಿಯಾ ಎರಡನ್ನೂ ಆಬರ್ನ್ ಸೋಲಿಸಿತ್ತು! ಕಾನ್ಫರೆನ್ಸಿನ ಪಂದ್ಯಗಳನ್ನು ಆಡಲೇಬೇಕು, ಹೊರಗಿನ ಪಂದ್ಯಗಳು ಎಷ್ಟೋ ಸಲ ವರ್ಷಗಳ ಮೊದಲೇ ನಿಗದಿಯಾಗಿರುತ್ತವೆ. ತಮ್ಮ ಕೈಯಲ್ಲಿಲ್ಲದ ವೇಳಾಪಟ್ಟಿಗಾಗಿ ಆಟಗಾರರು ಬೆಲೆ ತೆರುವುದು ನನಗೆ ನೋವಿನ ಸಂಗತಿ.

ತೆಂಕಣಗಾಳಿ

ಇಬ್ಬರಿಗೂ ಧನ್ಯವಾದ. 12 ತಂಡಗಳ ಪ್ಲೇಆಫ್ ಬಂದ ಮೇಲೆ ಇದು ಸರಿಹೋಯಿತೇ?

ಅಂಕೆಸಂಖ್ಯೆ

ವಾದ ಕೆಳಗಿನ ಸ್ಥಾನಗಳಿಗೆ ಸರಿದಿದೆ. 2024ರಲ್ಲಿ 11-2 ದಾಖಲೆಯ (11 ಗೆಲುವು, 2 ಸೋಲು) ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ತಂಡ) ಒಳಬಂದಿತು, ಹೆಚ್ಚು ಕಠಿಣ ಪಂದ್ಯಗಳನ್ನಾಡಿದ್ದ 9-3ರ ಅಲಬಾಮಾ ಹೊರಗುಳಿಯಿತು. ಆ ತೀರ್ಮಾನ ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅಲಬಾಮಾದ ಮೂರು ಸೋಲುಗಳಲ್ಲಿ ಎರಡು ವ್ಯಾಂಡರ್‌ಬಿಲ್ಟ್ ಮತ್ತು ಒಕ್ಲಹೋಮಾ ಎದುರು ಬಂದವು, ಇವೆರಡೂ ಆ ವರ್ಷದ ಅಗ್ರ ತಂಡಗಳಾಗಿರಲಿಲ್ಲ. ಯಾರನ್ನು ಎದುರಿಸಿದಿರಿ ಎಂಬುದರ ಜೊತೆಗೆ ಯಾರಿಗೆ ಸೋತಿರಿ ಎಂಬುದನ್ನೂ ಕೇಳಲೇಬೇಕು. 2025ರ ಋತುವಿನಿಂದ ಸಮಿತಿಯೂ ಕಠಿಣ ಪಂದ್ಯಗಳ ಗೆಲುವಿಗೆ ಹೆಚ್ಚು ಮನ್ನಣೆ, ದುರ್ಬಲ ತಂಡಗಳೆದುರಿನ ಸೋಲಿಗೆ ಹೆಚ್ಚು ದಂಡ ವಿಧಿಸುವ ಅಳತೆಯೊಂದನ್ನು ಸೇರಿಸಿಕೊಂಡಿದೆ.