ಸಹಾಯ ಬೇಕು: ಯೋಸಿಸ್ ಫ್ಲೋಗೆ ಎಐ ಏಜೆಂಟ್ ಓದೋ ಥರ ಡಾಕ್ಯುಮೆಂಟ್ ಬರೆಯೋದು ಹೇಗೆ?

ನಮಸ್ಕಾರ ಎಲ್ರಿಗೂ, ಬೆಳ್ಳಂದೂರಲ್ಲಿ ಒಂದು ಚಿಕ್ಕ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನ ನಾವೇ ಬದಲಾಯಿಸಬಹುದಾದ ಚಿಪ್) ಟೀಮಲ್ಲಿದೀನಿ. ವೆರಿಲಾಗ್ (ಸರ್ಕ್ಯೂಟ್ ವಿವರಿಸೋ ಭಾಷೆ) ಕೋಡನ್ನ ನೆಟ್‌ಲಿಸ್ಟ್ (ಗೇಟ್‌ಗಳು ಮತ್ತೆ ಅವುಗಳ ಜೋಡಣೆಯ ಪಟ್ಟಿ) ಮಾಡೋಕೆ ಯೋಸಿಸ್ ಅನ್ನೋ ಓಪನ್ ಸೋರ್ಸ್ ಟೂಲ್ ಬಳಸ್ತೀವಿ, ಈಗ ಆ ಕೆಲಸನ ಎಐ ಏಜೆಂಟ್ ಕೈಗೆ ಕೊಡಬೇಕಂತೆ, ಅದಕ್ಕೆ ಡಾಕ್ಯುಮೆಂಟ್ ಬರೆಯೋದು ನನ್ನ ತಲೆ ಮೇಲೆ ಬಿದ್ದಿದೆ, ಮೂರು ವಾರದಿಂದ ಒದ್ದಾಡ್ತಿದೀನಿ.

ಮೊದಲು ಎಲ್ಲಾ ಕಮಾಂಡ್‌ಗಳ ಹೆಲ್ಪ್ ಔಟ್‌ಪುಟ್ ಒಂದೇ ಫೈಲಿಗೆ ಸುರಿದೆ, ಅಷ್ಟುದ್ದ ಓದೋಷ್ಟರಲ್ಲಿ ಏಜೆಂಟ್ ನಾವು ಕೇಳಿದ್ದನ್ನೇ ಬಿಟ್ಟು ಬೇರೇನೋ ಮಾಡ್ತಿತ್ತು. ಆಮೇಲೆ ಎರಡು ಪುಟಕ್ಕೆ ಇಳಿಸಿದೆ, ಹೈರಾರ್ಕಿ, ಪ್ರಾಕ್, ಆಪ್ಟ್, ಟೆಕ್‌ಮ್ಯಾಪ್, ಎಬಿಸಿ, ಈ ಕಮಾಂಡ್‌ಗಳಿಗೆ ಇದೇ ಆರ್ಡರ್ ಯಾಕೆ ಅಂತಾನೂ ಬರೆದೆ. ಈಗ ಆರ್ಡರ್ ತಪ್ಪಲ್ಲ, ಅದು ನಿಜಕ್ಕೂ ಖುಷಿ.

ಸಿಕ್ಕಾಕೊಂಡಿರೋದು ಇಲ್ಲಿ. ಒಂದು ಸ್ಟೇಟ್ ಮಷೀನಲ್ಲಿ, ಆಲ್ವೇಸ್ ಸ್ಟಾರ್ ಬ್ಲಾಕ್ (ಹಳೇದು ನೆನಪಿಡದ ಲಾಜಿಕ್ ಬರೆಯೋ ಜಾಗ) ಒಳಗಿನ ಕೇಸ್‌ಗೆ ಡಿಫಾಲ್ಟ್ ಬಿಟ್ಟುಹೋಗಿತ್ತು, ನೆಕ್ಸ್ಟ್ ಸ್ಟೇಟ್ ಸಿಗ್ನಲ್‌ಗೆ ಬೇಡದ ಲ್ಯಾಚ್ (ಹಳೇ ವ್ಯಾಲ್ಯೂ ಹಿಡಿದಿಡೋ ಸರ್ಕ್ಯೂಟ್) ಬಂತು. ಟೂಲ್ ಪ್ರಕಾರ ಅದು ಎರರ್ ಅಲ್ಲ, ಲಾಗಲ್ಲಿ 'ಲ್ಯಾಚ್ ಇನ್ಫರ್ಡ್' ಅಂತ ಒಂದು ಸಾಲು ಅಷ್ಟೇ, ಎಕ್ಸಿಟ್ ಕೋಡ್ 0 (ಅಂದ್ರೆ ಟೂಲ್ ಎರರ್ ಇಲ್ಲದೆ ಮುಗೀತು ಅಂತ). ಏಜೆಂಟ್ ಆ 0 ನೋಡಿ ಎಲ್ಲಾ ಸರಿ ಇದೆ ಅಂದ್ಬಿಡ್ತು! ಲ್ಯಾಚ್ ಬಂದ್ರೆ ನಿಲ್ಲಿಸು ಅಂತ ಬರೆದ್ರೆ, ಕ್ಲಾಕ್ ಗೇಟಿಂಗ್‌ಗೆ (ಕೆಲಸ ಇಲ್ದಾಗ ಕ್ಲಾಕ್ ನಿಲ್ಲಿಸೋಕೆ) ನಾವು ಬೇಕಂತಲೇ ಇಟ್ಟಿರೋ ಲ್ಯಾಚನ್ನೂ ತಿದ್ದೋಕೆ ಹೋಗತ್ತೆ.

ಇಂಥ ಎರರ್ ಅಲ್ಲದ ತಪ್ಪುಗಳನ್ನ ಡಾಕ್ಯುಮೆಂಟಲ್ಲೇ ಉದಾಹರಣೆ ಸಮೇತ ಬರೀಬೇಕಾ, ಇಲ್ಲಾ ಲಾಗ್ ಸೋಸಿ, ಬೇಕಾದ ಲ್ಯಾಚ್‌ಗಳ ಲಿಸ್ಟ್ ನೋಡಿ ಎಕ್ಸಿಟ್ ಕೋಡ್ ಬದಲಾಯಿಸೋ ಸ್ಕ್ರಿಪ್ಟ್ ಹಾಕಬೇಕಾ? ಮಾಡಿ ನೋಡಿರೋರು ಯಾವುದು ಕೆಲಸ ಮಾಡ್ತು ಹೇಳಿ, ಪ್ಲೀಸ್.