ಮಾಡೆಲ್‌ಗೆ ಬೈದ್ರೆ ಬುದ್ಧಿ ಬರುತ್ತಾ?

ಕೋಡ್‌ಕೋತಿ: ಮಷೀನ್ ಲರ್ನಿಂಗ್ ಮಾಡೆಲ್ ತಪ್ಪಿಂದ ಕಲಿಯುತ್ತೆ ಅಂತಾರಲ್ಲ, ತಪ್ಪಾಯ್ತು ಅಂತ ಅದಕ್ಕೆ ಗೊತ್ತಾಗೋದಾದ್ರೂ ಹೆಂಗೆ ಗುರೂ, ಯಾರಾದ್ರೂ ಕಿವಿ ಹಿಂಡ್ತಾರಾ?

ನಿದ್ದೆಗೆಟ್ಟವ: ಹಿಂಡ್ತಾರೆ, ಲಕ್ಷಾಂತರ ಸಲ. ಬೆಕ್ಕಿನ ಫೋಟೋ ನೋಡಿ 90% ನಾಯಿ ಅನ್ನುತ್ತೆ, ಎಷ್ಟು ತಪ್ತು ಅನ್ನೋ ಲೆಕ್ಕವೇ ಲಾಸ್, ಆಮೇಲೆ ಬ್ಯಾಕ್‌ಪ್ರಾಪಗೇಷನ್ ಅನ್ನೋ ಲೆಕ್ಕಾಚಾರ ಮಾಡೆಲ್‌ನ ಕೊನೇ ಲೇಯರಿಂದ (ಪದರದಿಂದ) ಹಿಂದಕ್ಕೆ ಬರ್ತಾ ಪ್ರತಿ ವೇಯ್ಟ್‌ಗೂ (ಮಾಡೆಲ್ ಒಳಗೆ ತಿದ್ದೋಕಾಗೋ ಸಂಖ್ಯೆಗೂ) ನಿನ್ ಪಾಲಿನ ತಪ್ಪು ಇಷ್ಟು ಅಂತ ಹಂಚುತ್ತೆ, ಎಲ್ರೂ ಚೂರ್ ಚೂರೇ ತಿದ್ಕೋತಾರೆ. ನಾನಲ್ಲ ಅವ್ನು ಅನ್ನೋರು ಒಬ್ರೂ ಇಲ್ಲ, ಮೀಟಿಂಗೂ ಇಲ್ಲ!

ಲಾಸ್‌ಲಕ್ಷ್ಮಿ: ಲರ್ನಿಂಗ್ ರೇಟ್, ಅಂದ್ರೆ ಒಂದ್ಸಲಕ್ಕೆ ಎಷ್ಟು ತಿದ್ಕೋಬೇಕು ಅನ್ನೋ ಅಳತೆ, ತುಂಬಾ ಜಾಸ್ತಿ ಇಟ್ಟು ನೋಡಿ, ಒಂದೇ ಬೈಗುಳಕ್ಕೆ ಕಲಿತದ್ದೆಲ್ಲ ಮರೆತು ಎಲ್ಲೋ ಹಾರುತ್ತೆ 😂

ಕೋಡ್‌ಕೋತಿ: ತಪ್ಪೇ ಮಾಡದಿದ್ರೆ ಪಾಸಾ?

ನಿದ್ದೆಗೆಟ್ಟವ: ಟ್ರೇನಿಂಗಲ್ಲಿ ಸೊನ್ನೆ ತಪ್ಪು ಅಂದ್ರೆ ಉರು ಹೊಡೆದಿರಲೂಬಹುದು. ಸ್ಕೋರ್ ಜಾಸ್ತಿ ಬಂದ್ರೂ ಹೇಳಿದ ಕೆಲ್ಸ ಕಲಿತಿದೆ ಅಂತಲ್ಲ. 2016ರಲ್ಲಿ ಓಪನ್‌ಎಐ ಅನ್ನೋ ಎಐ ಸಂಸ್ಥೆ ಒಂದು ಮಾಡೆಲ್ ಕೈಲಿ ಬೋಟ್ ರೇಸ್ ವಿಡಿಯೋ ಗೇಮ್ ಆಡಿಸ್ತು, ಅದು ರೇಸ್ ಮುಗಿಸೋದು ಬಿಟ್ಟು ಪಾಯಿಂಟ್ ಸಿಗೋ ಜಾಗದಲ್ಲೇ ಗಿರಗಿರ ಸುತ್ತಿ, ಬೆಂಕಿ ಹತ್ಕೊಂಡ್ರೂ ಬಿಡದೆ, ಮನುಷ್ಯರಿಗಿಂತ ಜಾಸ್ತಿ ಸ್ಕೋರ್ ಮಾಡ್ತು.